ಕರಾರಿನಲ್ಲಿ ನಿನ್ನ ಹೆಸರಿರಲಿ

ಮಗಳೇ,

ನೀನು ಕೇಳಿದ್ದಕ್ಕೆ ಸುತ್ತಿ ಬಳಸದೆ ಉತ್ತರ ಹೇಳಿಬಿಡುತ್ತೇನೆ. ದಾಸರಹಳ್ಳಿಯ ಮನೆಯನ್ನು ಈಗ ಖಾಲಿ ಮಾಡಬೇಡ. ಹೆಬ್ಬಗೋಡಿಯಲ್ಲಿ ನಿನ್ನ ಹೊಸ ಜೊತೆಗಾರ ನೋಡಿಟ್ಟಿರುವ ಭೋಗ್ಯದ ಮನೆಗೆ ನಿನ್ನ ಆರ್‌ಡಿ ಮುರಿದು, ಸರ ಅಡವಿಟ್ಟು 2 ಲಕ್ಷ ಕೊಡಬೇಡ. ಹಾಗಂತ ಅವನ ಒಡನಾಟವನ್ನೂ ಬಿಡಬೇಡ. ಈ ಮೂರೂ ಮಾತು ಒಟ್ಟಿಗೆ ನಡೆಯುತ್ತವೆ. ಹೇಗೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅವನ ಮೇಲೆ ನನಗೆ ಅನುಮಾನವಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕ್ಯಾಂಪಸ್ಸಿನಲ್ಲಿ ಎಸಿ, ಜನರೇಟರು ನೋಡಿಕೊಳ್ಳುವ ಕೆಲಸ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲೇ ಬಂದು ನಿನ್ನ ಮಗಳ ಸೈಕಲ್ಲಿಗೆ ಚೈನು ಹಾಕಿಕೊಟ್ಟು ಹೋಗುತ್ತಾನೆ. ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತಾನೆ. ಊರಿನಲ್ಲಿರುವ ತಾಯಿಗೆ ತಿಂಗಳು ತಿಂಗಳೂ ದುಡ್ಡು ಕಳಿಸುತ್ತಾನೆ ಅಂತ ನೀನೇ ಹೇಳಿದ್ದೀ. ಮನುಷ್ಯ ಒಳ್ಳೆಯವನು. ಆದರೆ ನಾನು ಕಂಡಂತೆ ಹೆಂಗಸರು ಲೆಕ್ಕ ಕೇಳುವುದನ್ನು ನಿಲ್ಲಿಸುವುದು ಕೆಟ್ಟವರ ಮುಂದೆ ಅಲ್ಲ ಕಣಮ್ಮ, ಒಳ್ಳೆಯವರ ಮುಂದೆಯೇ. ಕೆಟ್ಟವನ ಹತ್ತಿರ ನಾವು ಮೊದಲ ದಿನದಿಂದಲೇ ಎಚ್ಚರವಾಗಿರುತ್ತೇವೆ.

ನೀನು ಏನನ್ನು ಕಟ್ಟಿದ್ದೀ ಅನ್ನುವುದು ನಿನಗೇ ಪೂರ್ತಿ ತಿಳಿದಂತಿಲ್ಲ. ಗಂಡನ ಮನೆಯಿಂದ ಬಂದಾಗ ಕೈಯಲ್ಲಿ ಒಂದು ಟ್ರಂಕು, ಕಂಕುಳಲ್ಲಿ ಮಗು. ಈ ಓಣಿಯ ಓನರುಗಳು ಕೇಳಿದ ಮೊದಲ ಪ್ರಶ್ನೆ "ಯಜಮಾನರು ಏನು ಮಾಡ್ತಾರೆ?" ಗಂಡಸಿನ ಹೆಸರಿಲ್ಲದ ಕರಾರಿಗೆ ಸಹಿ ಹಾಕಲು ಒಬ್ಬರಾದ ಮೇಲೆ ಒಬ್ಬರು ಹಿಂಜರಿದರು. ಕೊನೆಗೆ ಒಪ್ಪಿದವರು ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳಿದರು. ಅದನ್ನು ಹೊಂದಿಸಲು ನೀನು ಬಳೆ ಮಾರಿದೆ. ಆಮೇಲೆ ಗ್ಯಾಸು ನಿನ್ನ ಹೆಸರಿಗೆ ಬಂತು. ಮನೆಯ ಆರ್‌ಆರ್ ನಂಬರಿಗೆ ನಿನ್ನ ಆಧಾರ್ ಜೋಡಿಸಿ ಗೃಹಜ್ಯೋತಿ ಮಾಡಿಸಿಕೊಂಡೆ. ಅತ್ತೆಮನೆಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ರಜೆ ಹಾಕಿ ಎಷ್ಟು ಅಲೆದೆ! ಆ ಕಾರ್ಡಿನಲ್ಲಿ ಮನೆ ಯಜಮಾನಿ ಅಂತ ಇದ್ದದ್ದು ನಿನ್ನ ಅತ್ತೆ, ಹಾಗಾಗಿ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದಾಗ ತಿಂಗಳ 2,000 ರೂಪಾಯಿ ಹೋದದ್ದು ಅವರ ಖಾತೆಗೆ. ಈಗಿನ ಕಾರ್ಡಿನಲ್ಲಿ ಯಜಮಾನಿ ನೀನು. ಇವೆಲ್ಲ ಸಣ್ಣಪುಟ್ಟ ಕಾಗದ ಅಂತ ಕಾಣುತ್ತವೆ. ಒಬ್ಬ ಹೆಂಗಸು ಈ ಊರಿನಲ್ಲಿ ತನ್ನದೇ ಲೆಕ್ಕದಲ್ಲಿ ಬಾಳುತ್ತಿದ್ದಾಳೆ ಅಂತ ಸರ್ಕಾರಕ್ಕೂ ಬ್ಯಾಂಕಿಗೂ ಕೋರ್ಟಿಗೂ ತೋರಿಸಲು ಇರುವುದು ಇವೇ ಕಾಗದ.

ಹೆಬ್ಬಗೋಡಿಗೆ ಹೋದರೆ ಇವನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕು, ಅದೂ ಈ ಸಲ ಇನ್ನೊಬ್ಬರ ಮನೆಯ ವಿಳಾಸದಲ್ಲಿ. ಪೀಣ್ಯದ ಕೆಲಸ ಬಿಡಬೇಕಾಗುತ್ತದೆ. ಮಗಳ ಶಾಲೆ ಬದಲಾಗುತ್ತದೆ. ಕೆಲಸ, ಶಾಲೆ, ಮನೆ ಮೂರನ್ನೂ ಒಂದೇ ತಿಂಗಳಲ್ಲಿ ಕಿತ್ತು, ಅದರ ಮೇಲೆ ಹೊಸ ಸಂಸಾರ ಹೂಡಿದರೆ ಆ ಸಂಸಾರದ ಮೇಲೆ ಬೀಳುವ ಭಾರ ಎಷ್ಟಿರುತ್ತದೆ ಯೋಚಿಸು. ಅವನಿಗೂ ಅದು ಅನ್ಯಾಯವೇ. ಒಂದು ದಿನ ಮಾತಿಗೆ ಮಾತು ಬೆಳೆದರೆ, ಹೊರಗೆ ಹೋಗಿ ತಲೆ ತಣ್ಣಗೆ ಮಾಡಿಕೊಂಡು ಬರಲು ನಿನಗೆ ಜಾಗವಿರುವುದಿಲ್ಲ. ಇವಳು ಬೇರೆ ದಾರಿಯಿಲ್ಲದೆ ಇದ್ದಾಳೋ ಇಷ್ಟಪಟ್ಟು ಇದ್ದಾಳೋ ಅಂತ ಅವನಿಗೂ ಎಂದೂ ಗೊತ್ತಾಗುವುದಿಲ್ಲ.

ಭೋಗ್ಯದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನ ಹೊರವಲಯದಲ್ಲಿ, ಅದರಲ್ಲೂ ಹೊಸ ಬಡಾವಣೆಗಳಲ್ಲಿ ಇದು ಜೋರು. ಐದೋ ಆರೋ ಲಕ್ಷ ಒಟ್ಟಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ದುಡ್ಡು ಪೂರ್ತಿ ವಾಪಸ್. ಕೇಳಲು ಹಿತವಾಗಿದೆ. ಆದರೆ ಓನರು ಆ ದುಡ್ಡನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಮೇಲಿನ ಮಹಡಿ ಕಟ್ಟಿಯೋ ಹಳೆಯ ಸಾಲ ತೀರಿಸಿಯೋ ಮುಗಿಸಿರುತ್ತಾನೆ. ಮುಂದಿನ ಭೋಗ್ಯದಾರ ಸಿಕ್ಕರೆ ಮಾತ್ರ ಹಿಂದಿನವರಿಗೆ ದುಡ್ಡು. ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಕಂತು ನಿಂತರೆ ಹರಾಜಿನ ನೋಟಿಸು ಬಂದು ಬಾಗಿಲಿಗೆ ಅಂಟುತ್ತದೆ, ಆಗ ಒಳಗಿರುವವರ ಕೈಯಲ್ಲಿ ಉಳಿಯುವುದು ಛಾಪಾ ಕಾಗದದ ಒಂದು ಕರಾರು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಆಗಲೇಬೇಕು ಅಂತ ಕಾನೂನಿದೆ. ಖರ್ಚು ಉಳಿಸಲು ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ, ಬಾಯಲ್ಲಿ ಮೂರು ವರ್ಷ ಅನ್ನುತ್ತಾರೆ. ಮುಂದೆ ಎಂದಾದರೂ ನೀವಿಬ್ಬರೂ ಭೋಗ್ಯಕ್ಕೆ ಹೋಗುವುದೇ ಆದರೆ ಕಾವೇರಿ ತಂತ್ರಾಂಶದಲ್ಲಿ ಇಸಿ ತೆಗೆಸಿ, ಮೂಲ ಪತ್ರ ಎಲ್ಲಿದೆ ಅಂತ ಓನರನ್ನು ನೇರವಾಗಿ ಕೇಳಿ. ಮೂಲ ಪತ್ರ ಬ್ಯಾಂಕಿನಲ್ಲಿದ್ದರೆ ಅಲ್ಲಿಗೇ ಕೈ ಬಿಡಿ. ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಯಾರು ಎಷ್ಟು ಕೊಟ್ಟರು ಅಂತ ಬರೆದಿರಲಿ, ಇಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಓನರ ಖಾತೆಗೆ ಹಾಕಿ. ನೀನು ಅವನ ಕೈಗೆ ನಗದು ಕೊಟ್ಟು, ಅವನು ಓನರಿಗೆ ಕೊಟ್ಟು, ಕರಾರು ಅವನೊಬ್ಬನ ಹೆಸರಿಗಾದರೆ ಆ ಮನೆಯಲ್ಲಿ ನಿನ್ನ 2 ಲಕ್ಷ ಇತ್ತು ಅನ್ನುವುದಕ್ಕೆ ಸಾಕ್ಷಿ ದೇವರೊಬ್ಬನೇ.

ವೈಟ್‌ಫೀಲ್ಡಿನ ಫ್ಲ್ಯಾಟಿನವರಿಗೂ ಈ ಮಾತು ಅನ್ವಯಿಸುತ್ತದೆ, ಅಂಕಿ ಮಾತ್ರ ದೊಡ್ಡದು. ಜೊತೆಗಾರನ ಗೃಹಸಾಲಕ್ಕೆ ಸಹ ಅರ್ಜಿದಾರಳಾಗಿ ಸಹಿ ಹಾಕಿದ ಹುಡುಗಿ ಪೂರ್ತಿ ಸಾಲಕ್ಕೆ ಹೊಣೆ, ಅರ್ಧಕ್ಕಲ್ಲ. ಕ್ರಯಪತ್ರದಲ್ಲಿ ಅವಳ ಹೆಸರಿಲ್ಲದಿದ್ದರೆ ಸಾಲ ಅವಳದು, ಮನೆ ಅವನದು. ಜಾಮೀನು ಹಾಕಿದವರಿಗೂ ಸಾಲಗಾರನಷ್ಟೇ ಹೊಣೆ ಅನ್ನುತ್ತದೆ 1872ರ ಕರಾರು ಕಾಯ್ದೆ. ಅವನ ಬೈಕಿನ ಸಾಲಕ್ಕೆ, ಅವನ ತಮ್ಮನ ಆಟೋ ಸಾಲಕ್ಕೆ ನಿನ್ನ ಸಹಿ ಕೇಳಿದರೆ ಪ್ರೀತಿಯಿಂದಲೇ ಇಲ್ಲ ಅನ್ನು.

ಇನ್ನೊಂದು ಮನೆ ಹೂಡಲು ಹೊರಟ ಹೆಂಗಸು ಕೈಬೀಸಿಕೊಂಡು ಹೋಗಬೇಕು ಅನ್ನುವುದು ಈ ನೆಲದ ಹಳೆಯ ಏರ್ಪಾಡು. ನಮ್ಮ ಕಡೆ ಹಲವು ಸಮುದಾಯಗಳಲ್ಲಿ ಸೀರೆ ಉಡಿಕೆ ಅಂತ ಇತ್ತು. ಗಂಡ ಸತ್ತವಳೋ ಬಿಟ್ಟವಳೋ ಮತ್ತೊಬ್ಬನ ಕೈ ಹಿಡಿಯಲು ಅಡ್ಡಿಯಿರಲಿಲ್ಲ. ಮೇಲುಜಾತಿಯವರಿಗಿಂತ ಆ ಮಟ್ಟಿಗೆ ಆ ಜನ ದೊಡ್ಡವರು. ಆದರೆ ಉಡಿಕೆಯಾಗಿ ಹೊರಟವಳು ಮೊದಲ ಮನೆಯ ಆಸ್ತಿಯನ್ನು ಬಿಟ್ಟೇ ಹೊರಡಬೇಕಿತ್ತು, ಎಷ್ಟೋ ಕಡೆ ಮಕ್ಕಳನ್ನೂ ಬಿಟ್ಟು. ಬ್ರಿಟಿಷರು 1856ರಲ್ಲಿ ವಿಧವಾ ವಿವಾಹ ಕಾಯ್ದೆ ತಂದಾಗಲೂ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು: ಮರುಮದುವೆ ಆಗಬಹುದು, ಆದರೆ ಮೊದಲ ಗಂಡನ ಆಸ್ತಿಯ ಮಟ್ಟಿಗೆ ಅವಳು ಆ ದಿನವೇ ಸತ್ತಂತೆ. ಆ ಕಾಯ್ದೆ ಪುಸ್ತಕದಿಂದ ಹೋದದ್ದು 1983ರಲ್ಲಿ. ನಮ್ಮ ಮೈಸೂರು ಸಂಸ್ಥಾನ ಇದರಲ್ಲಿ ಮುಂದೆ ನಡೆಯಿತು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ. ನಾಲ್ವಡಿಯವರ ಕಾಲದಲ್ಲಿ, 1933ರಲ್ಲೇ, ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಮೈಸೂರು ತನ್ನದೇ ಕಾಯ್ದೆ ಮಾಡಿತು. ಬ್ರಿಟಿಷ್ ಇಂಡಿಯಾ ಅಂಥದ್ದಕ್ಕೆ ಕೈ ಹಾಕಿದ್ದು 1937ರಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಅಂತ ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಕಾನೂನು ಇಷ್ಟು ದೂರ ಬಂದಿದೆ. ಹೊಸ ಪ್ರೀತಿಯೆಂದರೆ ಹಳೆಯದನ್ನೆಲ್ಲ ಬಿಟ್ಟುಕೊಡುವುದು ಅನ್ನುವ ಆ ಉಡಿಕೆಯ ಕಾಲದ ಲೆಕ್ಕ ಮಾತ್ರ ನಮ್ಮ ಮನಸ್ಸಿನಿಂದ ಹೋಗಿಲ್ಲ.

ಈಗ ಕೋರ್ಟಿನ ಮಾತು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ನಿನ್ನ ಮತ್ತು ನಿನ್ನ ಗಂಡನ ಒಪ್ಪಿಗೆಯ ವಿಚ್ಛೇದನದ ಅರ್ಜಿ ಇದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ತಕ್ಕ ಕಾರಣವಿದ್ದರೆ ನ್ಯಾಯಾಧೀಶರು ಆ ಕಾಯುವಿಕೆಯನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಏನೇ ಆಗಲಿ, ಡಿಕ್ರಿ ಕೈಗೆ ಬರುವವರೆಗೆ ನೀನು ಕಾನೂನಿನ ಕಣ್ಣಿಗೆ ಇನ್ನೂ ಅವನ ಹೆಂಡತಿಯೇ. ದೇವಸ್ಥಾನದಲ್ಲಿ ಗುಟ್ಟಾಗಿ ತಾಳಿ ಕಟ್ಟಿಸಿಕೊಂಡರೂ ಅದು ಮದುವೆ ಅನ್ನಿಸಿಕೊಳ್ಳುವುದಿಲ್ಲ, ಮೇಲಾಗಿ ಶಿಕ್ಷೆಯಾಗುವ ಅಪರಾಧ. ಬೇರೊಬ್ಬನ ಜೊತೆ ವಾಸ ಮಾಡುವುದು 2018ರ ತೀರ್ಪಿನ ನಂತರ ಅಪರಾಧವಲ್ಲ, ನಿಜ. ಆದರೂ ಎದುರು ಕಡೆಯವರು ಮನಸ್ಸು ಬದಲಿಸಿ ಒಪ್ಪಿಗೆಯಿಂದ ಹಿಂದೆ ಸರಿದರೆ, ನಿನ್ನ ಜೀವನಾಂಶದ ಮಾತಿಗೂ ಮಗು ಯಾರ ಹತ್ತಿರ ಇರಬೇಕು ಅನ್ನುವ ಮಾತಿಗೂ ಆ ಹೆಬ್ಬಗೋಡಿಯ ವಿಳಾಸವನ್ನೇ ತಂದು ಮುಂದಿಡುತ್ತಾರೆ.

ಇನ್ನೂ ಒಂದು ವಿಷಯವಿದೆ, ಬಹಳ ಜನಕ್ಕೆ ತಿಳಿಯದು. ಮದುವೆಯಾಗದೆ ಒಟ್ಟಿಗೆ ಬಾಳುವ ಹೆಂಗಸಿಗೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಇದೆ. ಬಾಳಿದ ಮನೆಯಿಂದ ಅವಳನ್ನು ಸುಮ್ಮನೆ ಹೊರಗೆ ಹಾಕುವಂತಿಲ್ಲ. ಆದರೆ ಆ ಬಾಳು ಮದುವೆಯಂಥ ಸಂಬಂಧ ಅನ್ನಿಸಿಕೊಳ್ಳಬೇಕಾದರೆ ಇಬ್ಬರೂ ಮದುವೆಯಾಗಲು ಕಾನೂನಿನಂತೆ ಅರ್ಹರಾಗಿರಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಿಕ್ರಿಗೆ ಮೊದಲು ಹೋದರೆ ನಿನಗೆ ಆ ಅರ್ಹತೆ ಇರುವುದಿಲ್ಲ. ಹಳೆಯ ಮನೆಯ ಹಕ್ಕೂ ಸಡಿಲ, ಹೊಸ ಮನೆಯ ಹಕ್ಕೂ ಇಲ್ಲ. ಆ ನಡುವಿನ ಜಾಗದಲ್ಲಿ ನೀನು ಒಂದು ದಿನವೂ ನಿಲ್ಲುವುದು ನನಗೆ ಬೇಡ.

ಒಪ್ಪಂದದ ಕಾಗದದಲ್ಲಿ ಮಗಳ ಖರ್ಚನ್ನು ಬಿಟ್ಟುಕೊಡಲು ಹೊರಟಿದ್ದೀಯಂತೆ, "ಹೇಗೂ ಇವರು ನೋಡಿಕೊಳ್ಳುತ್ತಾರೆ" ಅಂತ. ಬೇಡವೇ ಬೇಡ. ನೀನು ಮರುಮದುವೆಯಾದರೆ ನಿನ್ನ ಜೀವನಾಂಶ ಬದಲಾಗಬಹುದು, ಮಗಳನ್ನು ಸಾಕುವ ಹೊಣೆ ಹೆತ್ತ ತಂದೆಗೆ ಹಾಗೇ ಇರುತ್ತದೆ. ಅದು ಮಗಳ ಹಕ್ಕು, ಬಿಟ್ಟುಕೊಡಲು ನಿನ್ನದಲ್ಲ. ನಿನ್ನ ತವರಿನವರು ಕೊಟ್ಟ ಒಡವೆಯೂ ಹಾಗೆಯೇ: ಸ್ತ್ರೀಧನ ಪೂರ್ತಿಯಾಗಿ ಹೆಂಡತಿಯದೇ, ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೆ ಅವಳ ಪರವಾಗಿ ಕಾಪಾಡಿದಂತೆ ಅಷ್ಟೇ ಅಂತ 1985ರಲ್ಲೇ ತೀರ್ಪಾಗಿದೆ. ವಕೀಲರ ಫೀಸಿಗೆ ಹೆದರಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇರುವುದು ಅದೇ ನ್ಯಾಯದೇಗುಲದಲ್ಲಿ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ದುಡ್ಡಿನ ವಿಷಯದಲ್ಲಿ ನನಗೆ ಈ ಪಟ್ಟು ಎಲ್ಲಿಂದ ಬಂತು ಅಂತ ನೀನು ಕೇಳಬಹುದು. ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿ ದುಡಿದವಳು ನಾನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಸಣ್ಣ ಕೆಲಸಕ್ಕೆ ಹೆಂಗಸರ ಕೈಯೇ ಸರಿ ಅಂತ ನಮ್ಮನ್ನು ಸಾಲಾಗಿ ಕೂರಿಸಿದರು. ಸಂಬಳ ಚೆನ್ನಾಗಿತ್ತು, ಮರ್ಯಾದೆಯೂ ಇತ್ತು. ವಿಆರ್‌ಎಸ್ ಬಂದ ಕಾಲಕ್ಕೆ ನಮ್ಮ ಸಾಲಿನ ಒಬ್ಬೊಬ್ಬಳ ಕೈಗೂ ಜನ್ಮದಲ್ಲಿ ಕಾಣದಷ್ಟು ದೊಡ್ಡ ಮೊತ್ತ ಬಂತು. ಅದು ಎಲ್ಲಿ ಹೋಯಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬಳದು ಗಂಡ ತೆಗೆದ ಸೈಟಿಗೆ, ಕ್ರಯಪತ್ರ ಗಂಡನ ಹೆಸರಿಗೆ. ಒಬ್ಬಳದು ಮಗನ ಅಂಗಡಿಗೆ. ಇನ್ನೊಬ್ಬಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಡುವಯಸ್ಸಿನಲ್ಲಿ ಒಬ್ಬ ಜೊತೆಗಾರನನ್ನು ಕಂಡುಕೊಂಡವಳು, ಎಲ್ಲವನ್ನೂ ಅವನು ಹಾಕಿದ ಲೇತ್ ಮಿಷನ್ನಿಗೆ ಕೊಟ್ಟಳು. ಪೀಣ್ಯದಲ್ಲಿ ಆಗ ಗಲ್ಲಿಗೊಂದು ಲೇತ್ ಶೆಡ್ಡು. ಅವನು ಮೋಸಗಾರನಲ್ಲ, ಕೆಲಸ ಬಲ್ಲವನು. ಆರ್ಡರು ನಿಂತಿತು, ಬಿಲ್ಲು ಬಾಕಿ ಉಳಿಯಿತು, ಅವನ ಎದೆ ಒಡೆಯಿತು. ಅವನು ತೀರಿಕೊಂಡ ಹದಿಮೂರನೆಯ ದಿನಕ್ಕೆ ಅವನ ಅಣ್ಣಂದಿರು ಬಂದು ಮಿಷನ್ನು ಬಿಚ್ಚಿ ಲಾರಿಗೆ ಹಾಕಿದರು. ಅದರಲ್ಲಿ ಅವಳದೂ ಇದೆ ಅನ್ನಲು ಒಂದು ಚೀಟಿಯೂ ಇರಲಿಲ್ಲ. ಅವಳು ಆಮೇಲೆ ಬಾಳಿದ ರೀತಿಯನ್ನು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಅದಕ್ಕೇ 2016ರ ಏಪ್ರಿಲ್ ನನಗೆ ಮರೆಯುವುದಿಲ್ಲ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವಯಸ್ಸಾಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ಹೊರಡಿಸಿತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ರಸ್ತೆಗೆ ಬಂದರು. ಮರುದಿನ ಇಲ್ಲಿ ತುಮಕೂರು ರಸ್ತೆ, ಜಾಲಹಳ್ಳಿ ಕ್ರಾಸಿನಲ್ಲೂ ಜನವೋ ಜನ. ಯಾವ ದೊಡ್ಡ ನಾಯಕನೂ ಕರೆದಿರಲಿಲ್ಲ. ಗಲಾಟೆ ಆಯಿತು, ಬಸ್ಸು ಸುಟ್ಟರು, ಲಾಠಿ ಬೀಸಿದರು, ಅದು ಆಗಬಾರದಿತ್ತು. ಆದರೆ 19ರ ಸಂಜೆಯೊಳಗೆ ದೆಹಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳಿಗೆ ಆ ಪಿಎಫ್ ಏನು ಅಂತ ಬಲ್ಲವರಿಗೆ ಮಾತ್ರ ಆ ಸಿಟ್ಟು ಅರ್ಥವಾಗುತ್ತದೆ. ತಿಂಗಳ ಸಂಬಳಕ್ಕೆ ಗಂಡ, ಬಾಡಿಗೆ, ಸಂಘದ ಕಂತು ಎಲ್ಲರೂ ಕೈ ಚಾಚುತ್ತಾರೆ. ಯಾರ ಕೈಗೂ ಸಿಗದೆ ಅವರ ಹೆಸರಿನಲ್ಲೇ ಬೆಳೆಯುತ್ತಿದ್ದದ್ದು ಅದೊಂದೇ ದುಡ್ಡು. ನಿನ್ನ ಪಿಎಫ್ ಅನ್ನು ಆ ಕಣ್ಣಿನಿಂದ ನೋಡು.

ಆ ಖಾತೆಯಲ್ಲಿ ನಾಮಿನಿ ಯಾರು ಅಂತ ಇವತ್ತೇ ತೆರೆದು ನೋಡು. ಕೆಲಸಕ್ಕೆ ಸೇರಿದಾಗ ಗಂಡನ ಹೆಸರು ಬರೆದಿದ್ದರೆ ಅದು ಇನ್ನೂ ಹಾಗೇ ಇರುತ್ತದೆ. ಪಿಎಫ್ ನಿಯಮದಲ್ಲಿ ಹೆಂಗಸರಿಗೆ ಒಂದು ವಿಶೇಷ ಅವಕಾಶವಿದೆ: ಗಂಡನನ್ನು ನನ್ನ ಕುಟುಂಬದ ಲೆಕ್ಕದಿಂದ ಹೊರಗಿಡಿ ಅಂತ ಆಯುಕ್ತರಿಗೆ ಬರೆದುಕೊಟ್ಟರೆ ಅವನೂ ಅವನ ಅಪ್ಪ ಅಮ್ಮನೂ ಆ ಪಟ್ಟಿಯಿಂದ ಹೊರಗೆ. ಬರೆದುಕೊಡು, ಮಗಳ ಹೆಸರು ಹಾಕು. ಅವಳು ಚಿಕ್ಕವಳಾದ್ದರಿಂದ ಅವಳ ಪರವಾಗಿ ದುಡ್ಡು ಪಡೆಯುವವರ ಹೆಸರನ್ನೂ ಬರೆಯಬೇಕು, ನಿನ್ನ ಅಕ್ಕನನ್ನು ಕೇಳಿ ಬರೆ. ಮಗಳಿರುವಾಗ ಹೊಸ ಜೊತೆಗಾರನನ್ನು ಪಿಎಫ್‌ಗೆ ನಾಮಿನಿ ಮಾಡಲು ನಿಯಮವೇ ಬಿಡುವುದಿಲ್ಲ, ಅದು ಒಳ್ಳೆಯದೇ. ಅಂಚೆ ಕಚೇರಿಯ ಸುಕನ್ಯಾ ಪಾಸ್‌ಬುಕ್ಕಿನಲ್ಲಿ ಪೋಷಕರ ಜಾಗದಲ್ಲಿ ಯಾರ ಹೆಸರಿದೆ ಅಂತಲೂ ನೋಡು.

ಸಂಘದ ಸಾಲ, ಓಣಿಯ ಚೀಟಿ ಎರಡರಿಂದಲೂ ಈ ವರ್ಷ ದೂರವಿರು. ಕಂತಿನವರು ಮನೆ ಮುಂದೆ ಕೂರುವ ಕಾಟ ಹೆಚ್ಚಿ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಚೀಟಿ ಹಾಕಲೇಬೇಕು ಅನ್ನಿಸಿದರೆ ನೋಂದಣಿಯಾದ ಕಡೆ ಹಾಕು, ನಮ್ಮ ಸರ್ಕಾರದ ಎಂಎಸ್‌ಐಎಲ್ ಚೀಟಿಯೇ ಇದೆ. ಮೂರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿ ಕೂತ ಮೇಲೆ ಮಿಕ್ಕ ಮಾತು.

ಇದನ್ನೆಲ್ಲ ಅವನಿಗೆ ಹೇಗೆ ಹೇಳುವುದು ಅನ್ನುವುದೇ ನಿನ್ನ ದೊಡ್ಡ ಚಿಂತೆ ಅಂತ ನನಗೆ ಗೊತ್ತು. "ನನ್ನ ಮೇಲೆ ನಂಬಿಕೆ ಇಲ್ಲವಾ" ಅಂದುಬಿಟ್ಟರೆ? ಮುಚ್ಚುಮರೆ ಮಾಡಿದರೆ ಹಾಗೆ ಅನ್ನಿಸುತ್ತದೆ. ಬಿಚ್ಚಿ ಹೇಳು. "ಒಂದು ಸಲ ಬೇರೆಯವರ ಮನೆಯಿಂದ ಬರಿಗೈಯಲ್ಲಿ ಹೊರಗೆ ಬಂದಿದ್ದೇನೆ. ಇನ್ನೊಂದು ಸಲ ಆ ಹೆದರಿಕೆ ಇಟ್ಟುಕೊಂಡು ನಿಮ್ಮ ಜೊತೆ ಬಾಳಲಾರೆ. ನನ್ನ ಕಾಲ ಮೇಲೆ ನಿಂತ ಮೇಲೆ ಬರುತ್ತೇನೆ" ಅಂತ ಹೇಳು. ನಿನ್ನ ಸಂಬಳದ ಚೀಟಿ, ನಿನ್ನ ಸಾಲ, ಉಳಿತಾಯ ಎಲ್ಲ ಅವನ ಮುಂದಿಡು, ಅವನದನ್ನೂ ಕೇಳು. ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಬಿಟ್ಟಿಯಾಗಿ ತೆಗೆದುಕೊಳ್ಳಬಹುದು, ಇಬ್ಬರೂ ತೆಗೆದು ಒಟ್ಟಿಗೆ ಕೂತು ಓದಿ. ಅವನಿಗೆ ಸಾಲವಿದ್ದರೆ ಅದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು. ಈ ಮಾತಿಗೆ ಅವನು ಒಂದು ವಾರ ಮುಖ ಸಣ್ಣ ಮಾಡಿಕೊಂಡರೆ ತಾಳಿಕೋ, ಯಾರಿಗಾದರೂ ಮೊದಲು ಚುರುಕ್ಕೆನ್ನುತ್ತದೆ. ತಿಂಗಳಾದರೂ ಅದನ್ನೇ ಎತ್ತಿ ಆಡುತ್ತಿದ್ದರೆ ನನಗೆ ಹೇಳು, ಕೂತು ಮಾತಾಡೋಣ.

ಹಾಗಂತ ಪೈಸೆ ಪೈಸೆಗೂ ಗೆರೆ ಎಳೆಯಬೇಡ. ಅವನು ಹಣ್ಣು ತಂದರೆ ತಿನ್ನಿ, ಮಗಳಿಗೆ ಬಟ್ಟೆ ತಂದರೆ ಸಂತೋಷವಾಗಿ ತೊಡಿಸು, ನೀನೂ ಅವನಿಗೆ ಹಬ್ಬಕ್ಕೆ ಶರ್ಟು ಕೊಡು. ಪ್ರೀತಿಗೆ ಕೊಡುವುದು ತೆಗೆದುಕೊಳ್ಳುವುದು ಬೇಕು. ನಾನು ಬೇಡ ಅನ್ನುವುದು ಬಾಡಿಗೆ, ಫೀಸು, ಕಂತುಗಳನ್ನು. ನಿನ್ನ ಮನೆ ಬಾಡಿಗೆ ಅವನು ಕಟ್ಟಲು ಶುರು ಮಾಡಿದ ತಿಂಗಳಿನಿಂದ ನಿನ್ನ ಮನೆಯ ಮಾತಿನಲ್ಲಿ ಅವನ ಮಾತು ಮೇಲಾಗುತ್ತದೆ. ಅವನು ಬಯಸದಿದ್ದರೂ ಆಗುತ್ತದೆ. ಅನಿವಾರ್ಯವಾಗಿ ಅವನಿಂದ ದುಡ್ಡು ತೆಗೆದುಕೊಂಡರೆ ಫೋನ್‌ಪೇನಲ್ಲೇ ತೆಗೆದುಕೋ, ಅದರಲ್ಲೇ ತೀರಿಸು. ಮದುವೆಯಾದ ಮೇಲೆ ಇಬ್ಬರ ಖಾತೆಯೂ ಹಾಗೇ ಇದ್ದು ಮನೆ ಖರ್ಚಿಗೆ ಮೂರನೆಯದೊಂದು ಜಂಟಿ ಖಾತೆ ತೆರೆಯಿರಿ. ಅವನ ದುಡಿಮೆ ಹೆಚ್ಚಾದರೆ ಅವನು ಹೆಚ್ಚು ಹಾಕಲಿ.

ಮಗಳ ವಿಷಯಕ್ಕೆ ಬಂದರೆ ನನ್ನ ದನಿ ತಾನಾಗಿ ಗಡುಸಾಗುತ್ತದೆ. ಅವಳಿಗೆ ಏಳು ವರ್ಷ. ಒಂದು ಮನೆ ಮುರಿದದ್ದನ್ನು ಕಂಡಿದ್ದಾಳೆ. ಈ ಮನೆಗೆ ಬಂದ ಹೊಸದರಲ್ಲಿ ರಾತ್ರಿ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತಿದ್ದಳು ಅಂತ ನೀನೇ ಹೇಳಿದ್ದೆ. ಈಗ ಅದು ನಿಂತಿದೆ. ಪಕ್ಕದ ಮನೆಯ ಹುಡುಗಿಯ ಜೊತೆ ಶಾಲೆಗೆ ನಡೆದು ಹೋಗುತ್ತಾಳೆ, ಅಂಗಡಿಯವರು ಹೆಸರು ಹಿಡಿದು ಕರೆಯುತ್ತಾರೆ. ಅವಳಿಗೆ ಅವನು ಈಗ ಅಂಕಲ್, ಅಂಕಲ್ ಆಗಿಯೇ ಇರಲಿ. ಅಪ್ಪ ಅನ್ನು ಅಂತ ಹೇಳಿಕೊಡಬೇಡ, ಅವಳ ಅಪ್ಪನನ್ನು ಅವಳೆದುರು ಬೈಯಬೇಡ. ಕರೆಯಬೇಕು ಅನ್ನಿಸಿದ ದಿನ ಅವಳೇ ಕರೆಯುತ್ತಾಳೆ. ಅವನು ನಿಜಕ್ಕೂ ಒಳ್ಳೆಯವನಾದರೆ ಆ ದಿನಕ್ಕೆ ಕಾಯುತ್ತಾನೆ. ಅವಳನ್ನು ಅವನೊಬ್ಬನ ಹತ್ತಿರ ಬಿಟ್ಟು ಎರಡನೇ ಪಾಳಿಗೆ ಹೋಗುವ ಏರ್ಪಾಡು ಮಾತ್ರ ಸದ್ಯಕ್ಕೆ ಬೇಡ, ನಾನಿದ್ದೇನೆ, ಇಲ್ಲಿ ಬಿಡು. ಇದನ್ನು ನಾನು ಯಾವ ಗಂಡಸಿನ ವಿಷಯದಲ್ಲಾದರೂ ಹೇಳುತ್ತೇನೆ, ಅವನೆಂದು ಹೇಳುತ್ತಿಲ್ಲ.

ದೂರದ ಮಾತು ಎತ್ತುತ್ತೀಯಲ್ಲ, ಮೊದಲಿನಷ್ಟು ದೂರ ಈಗ ಇಲ್ಲ. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡುತ್ತಿದೆ. ಹೆಬ್ಬಗೋಡಿಯಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ದಾಸರಹಳ್ಳಿ. ಒಂದೇ ಬದಲಾವಣೆ. ನಿನಗೆ ಶಕ್ತಿ ಬಸ್ಸೂ ಇದೆ. ಒಂದು ಭಾನುವಾರ ಅವನು ಬರಲಿ, ಒಂದು ಭಾನುವಾರ ನೀವಿಬ್ಬರೂ ಹೋಗಿ ಲಾಲ್‌ಬಾಗಿನಲ್ಲಿ ಸಿಗಿ, ಅದೂ ನಡುದಾರಿಯಲ್ಲೇ ಇದೆ. ವಾರವೆಲ್ಲ ದುಡಿದು ಆ ಒಂದು ದಿನಕ್ಕೆ ಕಾಯುವುದರಲ್ಲಿ ಒಂದು ಸೊಗಸಿದೆ. ಮೊದಲ ಮದುವೆಯಲ್ಲಿ ನಿನಗೆ ಅದು ಸಿಕ್ಕಿರಲಿಲ್ಲ. ನೋಡಿ ಬಂದ ಮೂರನೇ ವಾರಕ್ಕೆ ಛತ್ರ ಹಿಡಿದಿದ್ದರು. ಒಬ್ಬ ಮನುಷ್ಯನನ್ನು ನಿಧಾನವಾಗಿ, ನಿನ್ನ ಮನೆಯ ಬೀಗದ ಕೈ ನಿನ್ನ ಸೆರಗಿನಲ್ಲೇ ಇಟ್ಟುಕೊಂಡು ತಿಳಿದುಕೊಳ್ಳುವ ಸುಖ ಒಂದು ವರ್ಷವಾದರೂ ನಿನಗೆ ಸಿಗಲಿ ಅಂತ ನನ್ನ ಆಸೆ.

ಕೊನೆಗೆ ಒಂದು ಕೆಲಸ ಉಳಿಯುತ್ತದೆ, ಅದನ್ನು ಈ ತಿಂಗಳಲ್ಲೇ ಮುಗಿಸೋಣ. ಉಯಿಲು. ನಿನಗೆ ಮೂವತ್ತೂ ದಾಟಿಲ್ಲ, ಈಗಲೇ ಯಾಕೆ ಅನ್ನಬೇಡ. ಹಿಂದೂ ಹೆಂಗಸು ಉಯಿಲು ಬರೆಯದೆ ಕಣ್ಣು ಮುಚ್ಚಿದರೆ ಅವಳು ಸ್ವಂತ ದುಡಿದದ್ದು ಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಗುತ್ತದೆ. ಇವತ್ತು ನಿನಗೇನಾದರೂ ಆದರೆ ನಿನ್ನ ಅಡ್ವಾನ್ಸು, ಆರ್‌ಡಿ, ಸರ ಎಲ್ಲದರ ಅರ್ಧ ಯಾರ ಮನೆ ಬಿಟ್ಟು ಬಂದೆಯೋ ಅವನಿಗೇ ಸೇರುತ್ತದೆ, ಡಿಕ್ರಿ ಬರುವವರೆಗೆ. ಮುಂದೆ ಮದುವೆಯಾದರೆ ಹೊಸ ಗಂಡನಿಗೆ ಅರ್ಧ, ಮಗಳಿಗೆ ಅರ್ಧ. ಬ್ಯಾಂಕಿನಲ್ಲಿ ನಾಮಿನಿ ಮಗಳೇ ಆಗಿದ್ದರೂ ನಾಮಿನಿ ಅಂದರೆ ದುಡ್ಡು ಪಡೆದುಕೊಳ್ಳುವವರು ಅಷ್ಟೇ, ವಾರಸುದಾರರ ಹಕ್ಕು ಬೇರೆ ಅಂತ ಕೋರ್ಟು ಮತ್ತೆ ಮತ್ತೆ ಹೇಳಿದೆ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಿಲ್ಲ, ಬಿಳಿ ಹಾಳೆ ಸಾಕು. ಆದರೂ ನೋಂದಾಯಿಸುವುದೇ ಒಳ್ಳೆಯದು. ನೀನು ಸಹಿ ಹಾಕುವುದನ್ನು ನೋಡಿದ ಇಬ್ಬರು ಸಾಕ್ಷಿಗಳು ಬೇಕು, ಅದರಿಂದ ಲಾಭ ಪಡೆಯದವರು. ಒಬ್ಬಳು ನಾನು ಬರುತ್ತೇನೆ. ಇನ್ನೊಬ್ಬರಿಗೆ ನಿನ್ನ ಸೂಪರ್‌ವೈಸರ್ ಅಕ್ಕನನ್ನು ಕೇಳು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಒಂದು ಸೋಮವಾರಕ್ಕೆ ರಜೆ ಹೇಳಿಡು, ಆಧಾರ್ ಮರೆಯಬೇಡ.